ಜೇಬಿನಲ್ಲಿ ಕೂಗಿದ ಕೋಳಿ

ಕೋಳಿ ಕೂಗಿದ್ದು ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ನಕ್ಷೆ ಕಚೇರಿಯ ಚಹಾ ಕೋಣೆಯಲ್ಲಿ, ಸೀಲಪ್ಪನ ಪ್ಯಾಂಟಿನ ಎಡಜೇಬಿನಿಂದ.

ಒಂದೇ ಸಲ ಕೂಗಿ ಸುಮ್ಮನಾಗಿದ್ದರೆ ಯಾರೋ ಕೆಮ್ಮಿದರು ಎಂದು ದಾಟಿಸಿಬಿಡಬಹುದಿತ್ತು. ಆದರೆ ಅದು ತಾನು ಕೂಗದಿದ್ದರೆ ಬೆಳಗೇ ಆಗುವುದಿಲ್ಲವೆಂದು ನಂಬಿದ ಜಂಬದ ಕೋಳಿ. ಮೂರು ಸಲ ಕೂಗಿತು. ಕೋಣೆಯಲ್ಲಿದ್ದ ಮೂವರೂ ಲೋಟ ಕೆಳಗಿಟ್ಟು ಸೀಲಪ್ಪನ ಜೇಬನ್ನೇ ನೋಡಿದರು. ಸೀಲಪ್ಪನೂ ನೋಡಿದ, ಅದು ಬೇರೆ ಯಾರದೋ ಜೇಬು ಎನ್ನುವ ಹಾಗೆ. ನೋಡುತ್ತಲೇ ಕೈ ಒಳಗೆ ಬಿಟ್ಟು, ಒಂದೇ ಒತ್ತಿಗೆ ಅದರ ಬಾಯಿ ಮುಚ್ಚಿಸಿದ.

ಸೀಲಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಇಪ್ಪತ್ತಾರು ವರ್ಷದ ಕೆಲಸ ಇಟ್ಟ ಹೆಸರು. ಜನ ತಮ್ಮ ಜಮೀನಿನದೋ ನಿವೇಶನದ್ದೋ ನಕ್ಷೆಯ ನಕಲು ಕೇಳಿ ಬರುತ್ತಾರೆ. ಆ ನಕಲಿನ ಬಲಗಡೆ ಕೆಳಮೂಲೆಗೆ ದುಂಡು ಸೀಲು ಹೊಡೆದು ಕೊಡುವುದು ಅವನ ಕೆಲಸ. ಸೀಲಿಲ್ಲದ ನಕ್ಷೆ ಬರೀ ಚಿತ್ರ, ಸೀಲು ಬಿತ್ತೆಂದರೆ ಅದೇ ಸರ್ಕಾರ. ಹೊಡೆದು ಹೊಡೆದು ಅವನ ಬಲಗೈಗೆ ತಲೆಯ ಅಪ್ಪಣೆ ಬೇಕಾಗದಂತಾಗಿತ್ತು. ಮೇಜಿನ ಮೇಲೆ ಕಾಗದ ಕಂಡರೆ ಸಾಕು, ಕೈ ತಾನಾಗಿ ಏಳುತ್ತಿತ್ತು, ತಾನಾಗಿ ಇಳಿಯುತ್ತಿತ್ತು. ಹಾಗೆ ಒಮ್ಮೆ ಸಹೋದ್ಯೋಗಿಯೊಬ್ಬ ತಂದುಕೊಟ್ಟ ಮದುವೆಯ ಕರೆಯೋಲೆಗೂ ಸೀಲು ಬಿದ್ದಿತ್ತು. ಬಿದ್ದ ಸೀಲನ್ನು ರದ್ದು ಮಾಡಲು ಆ ಕಚೇರಿಯಲ್ಲಿ ನಿಯಮವಿಲ್ಲ. ಆದ್ದರಿಂದ ಆ ಕರೆಯೋಲೆ ಇವತ್ತಿಗೂ ಕಡತದಲ್ಲಿದೆ, ಮದುಮಕ್ಕಳಿಗೆ ಎರಡು ಮಕ್ಕಳಾಗಿದ್ದರೂ.

ಇನ್ನು ಕೋಳಿಯ ವಿಚಾರ. ಅದು ‘ಗೇಣು ನೆಲ’ ಎಂಬ ಫೋನಿನಾಟದ ಕೋಳಿ. ಆಟಕ್ಕೆ ಸೇರಿದವರಿಗೆ, ಚೀಟಿ ಎತ್ತಿದ ಹಾಗೆ, ಭೂಮಿಯ ಮೇಲೆ ಎಲ್ಲಾದರೂ ಒಂದು ತುಂಡು ಜಾಗ ಸಿಗುತ್ತದೆ. ಅದರಲ್ಲಿ ಉತ್ತು ಬಿತ್ತು ಬೆಳೆ ತೆಗೆಯಬೇಕು. ಮೂರು ವರ್ಷದ ಹಿಂದೆ ಕಾಲೇಜಿಗೆ ಹೋಗುವ ಮಗಳು ಅದನ್ನು ಆಡುವುದು ಕಂಡು ಸೀಲಪ್ಪ ಒಂದು ಗಂಟೆ ಬುದ್ಧಿ ಹೇಳಿದ್ದ, ಅವಳ ಫೋನಿನಿಂದ ಅಳಿಸಿಯೂ ಹಾಕಿಸಿದ್ದ. ಅಳಿಸುವ ಮುನ್ನ, ಅದರಲ್ಲಿ ಅಂಥದ್ದೇನಿದೆ ಎಂದು ತಿಳಿಯಲು ತನ್ನ ಫೋನಿಗೆ ಹಾಕಿಕೊಂಡಿದ್ದ. ತಿಳಿಯುತ್ತಾ ತಿಳಿಯುತ್ತಾ ಮೂರು ವರ್ಷವಾಯಿತು.

ಅವನನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಊರವರ ನೆಲಕ್ಕೆಲ್ಲ ಸೀಲು ಹೊಡೆದವನಿಗೆ ಒಂದು ಹೂಕುಂಡ ಇಡುವಷ್ಟು ಬಿಸಿಲು ಗತಿಯಿರಲಿಲ್ಲ. ಆಟದಲ್ಲಿ ಸಿಕ್ಕ ಜಾಗಕ್ಕೆ ಅವನು ‘ನಿವೃತ್ತಿ’ ಎಂದು ಹೆಸರಿಟ್ಟ. ಸುತ್ತ ನೀರು, ಆಚೀಚೆ ಗಲಾಟೆಯಿಲ್ಲದ ನೆರೆಯವರು, ಬೀಜ ಬಿತ್ತಿದ ಕೂಡಲೇ ಹೆಕ್ಕಲು ಬರುವ ಉದ್ದ ಕಾಲಿನ ಬಿಳಿ ಹಕ್ಕಿಗಳು. ಆ ಜಾಗ ಭೂಪಟದಲ್ಲಿ ಎಲ್ಲಿದೆ ಎಂದು ಅವನು ಒಮ್ಮೆಯೂ ತೆರೆದು ನೋಡಿದವನಲ್ಲ. ಬೆಳಿಗ್ಗೆಯಿಂದ ಸಂಜೆತನಕ ನಕ್ಷೆ ಕಂಡವನಿಗೆ ಮನೆಗೆ ಹೋದ ಮೇಲೂ ನಕ್ಷೆ ಬಿಚ್ಚುವ ಹುಚ್ಚಿರುತ್ತದೆಯೇ?

ಅಲ್ಲಿ ಅವನೊಂದು ನಿಂಬೆಗಿಡ ನೆಟ್ಟಿದ್ದ. ಆ ಆಟದಲ್ಲಿ ಗಿಡಗಳು ನಿಜವಾದ ಗಿಡಗಳಷ್ಟೇ ನಿಧಾನ. ಮೂರು ವರ್ಷ ದಿನಕ್ಕೆರಡು ಸಲ ತಪ್ಪದೆ ನೀರು ಹಾಕಿದ ಮೇಲೆ, ಇಂದು ಸಂಜೆ ಆರಕ್ಕೆ ಮೊದಲ ಕಾಯಿ ಹಣ್ಣಾಗಲಿತ್ತು. ನೀರಿನ ಹೊತ್ತು ನೆನಪಿಸುವುದೇ ಕೋಳಿಯ ಕೆಲಸ. ದಿನವೂ ಮನೆ ಬಿಡುವಾಗ ಅದರ ಬಾಯಿ ಮುಚ್ಚಿಸುತ್ತಿದ್ದವನು ಇಂದು ಹಣ್ಣಿನ ಗುಂಗಿನಲ್ಲಿ ಮರೆತಿದ್ದ.

ಗುಟ್ಟು ರಟ್ಟಾದರೆ ಮನೆಯಲ್ಲಿ ಮಗಳ ಮುಂದೆ ತಲೆಯೆತ್ತುವಂತಿಲ್ಲ. ಕಚೇರಿಯಲ್ಲಿ ಅದಕ್ಕಿಂತ ಕಷ್ಟ. ಕೆಲಸದ ವೇಳೆಯಲ್ಲಿ ಫೋನಿನಾಟ ಆಡಿದವರನ್ನು ಅಮಾನತು ಮಾಡಲಾಗುವುದು ಎಂದು ಸಾಹೇಬರು ಕಳೆದ ತಿಂಗಳಷ್ಟೇ ಸುತ್ತೋಲೆ ಹೊರಡಿಸಿದ್ದರು. ಅದಕ್ಕೆ ಸೀಲು ಹೊಡೆದು ಚಹಾ ಕೋಣೆಯ ಗೋಡೆಗೆ ಅಂಟಿಸಿದವನು ಸೀಲಪ್ಪನೇ.

“ಏನ್ರೀ ಅದು ಜೇಬಲ್ಲಿ?” ಎಂದು ಕೇಳಿದವನು ವಿದೇಶಾಂಗ. ಅವನು ಕಚೇರಿಯ ನಕ್ಷೆಗಾರ. ಗೆರೆ ಎಳೆಯುವುದು ಕಡಿಮೆ, ಪತ್ರಿಕೆಯ ವಿದೇಶ ಪುಟ ಓದಿ ದೇಶದೇಶಗಳಿಗೆ ಬುದ್ಧಿ ಹೇಳುವುದು ಹೆಚ್ಚು. ಅದಕ್ಕೇ ಆ ಹೆಸರು. ಸೀಲಪ್ಪನ ಗ್ರಹಚಾರಕ್ಕೆ, ಅವನು ಆ ಗಳಿಗೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದದ್ದೂ ಗೇಣು ನೆಲದ ಸುದ್ದಿಯನ್ನೇ.

“ನನ್ನ ಮಗಳ ಫೋನು. ತಪ್ಪಿ ನನ್ನ ಹತ್ರ ಬಂದಿದೆ,” ಎಂದ ಸೀಲಪ್ಪ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. “ದರಿದ್ರ ಆಟ. ಇಂಥವನ್ನೆಲ್ಲ ಸರ್ಕಾರ ಬ್ಯಾನ್ ಮಾಡ್ಬೇಕು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಿದೇಶಾಂಗ ಎದ್ದು ಬಂದು ಅವನ ಕೈ ಹಿಡಿದು ಕುಲುಕಿದ.

ಸುದ್ದಿ ಇಷ್ಟು. ನದಿ ಸಮುದ್ರ ಸೇರುವಲ್ಲಿ, ಗಡಿಯ ಮೇಲೆ, ಕೊಕ್ಕರೆದಿಬ್ಬ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ನರಪಿಳ್ಳೆಯೂ ಇಲ್ಲ. ಮೂವತ್ತು ವರ್ಷದಿಂದ ನಮ್ಮ ದೇಶ ತನ್ನದೆನ್ನುತ್ತದೆ, ನೆರೆದೇಶ ತನ್ನದೆನ್ನುತ್ತದೆ, ವರ್ಷಕ್ಕೊಮ್ಮೆ ಇಬ್ಬರೂ ದೋಣಿಯಲ್ಲಿ ಹೋಗಿ ಬಾವುಟ ನೆಟ್ಟು ಬರುತ್ತಾರೆ. ಗೇಣು ನೆಲ ತಯಾರಿಸುವ ಕಂಪನಿ ನೆರೆದೇಶದ್ದು. ಅದು ಹೊಸ ಅಪ್‌ಡೇಟಿನಲ್ಲಿ ದಿಬ್ಬಕ್ಕೆ ನೆರೆದೇಶದ ಬಣ್ಣ ಬಳಿದಿತ್ತು. ಪತ್ರಿಕೆಯಲ್ಲಿ ಆ ಭೂಪಟದ ಚಿತ್ರವೂ ಇತ್ತು, ಅಂಚೆಚೀಟಿಯಷ್ಟು.

“ಇದು ಆಟ ಅಂತ ತಿಳ್ಕೋಬೇಡಿ,” ಎಂದ ವಿದೇಶಾಂಗ. “ಇದೇ ವಿದೇಶಾಂಗ ನೀತಿ. ಇವತ್ತು ಫೋನಲ್ಲಿ ಬಣ್ಣ ಬಳೀತಾರೆ, ನಾಳೆ ನೆಲದ ಮೇಲೆ ಬಳೀತಾರೆ. ಆ ಕಂಪನಿ ನಮ್ಮಲ್ಲಿ ಬಾಗಿಲು ಹಾಕ್ಬೇಕು. ಇವತ್ತೇ.”

ಟಪಾಲು ಗುಮಾಸ್ತನಿಗೆ ದ್ವೀಪಕ್ಕಿಂತ ಕಂಪನಿಯ ಮೇಲೆ ಸಿಟ್ಟು. ಕಾಗದ ಪತ್ರ ಹೊರಗೆ ಕಳಿಸುವುದು ಅವನ ಕೆಲಸ. ಮೊದಲು ಆಟವನ್ನು ಪುಕ್ಕಟೆ ಕೊಟ್ಟರಂತೆ, ಎಲ್ಲರೂ ಬಿತ್ತನೆ ಮಾಡಿದ ಮೇಲೆ ಮಳೆಯನ್ನು ಮಾರಾಟಕ್ಕಿಟ್ಟರಂತೆ, ಕೊಳ್ಳದವರ ಹೊಲಕ್ಕೆ ಬರಗಾಲವಂತೆ. ಇಂಥ ಕಂಪನಿಗೆ ಮರ್ಯಾದೆ ಯಾಕೆ ಎಂದು ಅವನ ವಾದ. ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಬಾಮೈದ ಆಡುತ್ತಾನೆ ಎಂದ. ವಿದೇಶಾಂಗನೂ ತನ್ನ ಅಕ್ಕನ ಮಗ ಆಡುತ್ತಾನೆ ಎಂದ. ಆ ಕೋಣೆಯಲ್ಲಿ ಆಟವನ್ನು ಸ್ವತಃ ಕಂಡವರು ಯಾರೂ ಇರಲಿಲ್ಲ, ಗೋಡೆಯ ಮೇಲೆ ಸುತ್ತೋಲೆ ಮಾತ್ರ ಇತ್ತು.

ಎದುರು ಮಾತಾಡಿದವರು ಒಬ್ಬರೇ, ರೆಕಾರ್ಡ್ ರೂಮಿನ ಮೇಡಂ. ನೂರು ವರ್ಷದ ಕಡತಗಳ ನಡುವೆ ಕೂತು ಅವರಿಗೆ ಯಾವ ಸರ್ಕಾರದ ಮೇಲೂ ವಿಶೇಷ ಭಕ್ತಿ ಉಳಿದಿರಲಿಲ್ಲ. ಕಂಪನಿ ಮಾಡಿದ್ದು ತಪ್ಪೇ ಇರಲಿ, ಯಾವ ಆಟ ಇರಬೇಕು ಯಾವುದು ಬೇಡ ಅಂತ ಹೇಳುವ ಅಧಿಕಾರ ಒಮ್ಮೆ ಕೊಟ್ಟರೆ ಅದನ್ನು ವಾಪಸು ಕೇಳುವುದಕ್ಕೂ ಮತ್ತೆ ಅದೇ ಸರ್ಕಾರಕ್ಕೆ ಅರ್ಜಿ ಹಾಕಬೇಕಾಗುತ್ತದೆ ಎಂದರು.

“ಮತ್ತೆ ಅಲ್ಲಿ ಜಾಗ ಮಾಡ್ಕೊಂಡಿರೋ ಆಟಗಾರರ ಕತೆ?” ಎಂದು ಸೀಲಪ್ಪ ತಡೆಯಲಾರದೆ ಕೇಳಿದ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮೇಡಂ ಅವನನ್ನು ಕನ್ನಡಕದ ಮೇಲಿನಿಂದ ನೋಡಿದರು. “ಅದು ಅವರ ಜಾಗ ಅಲ್ಲ ಸೀಲಪ್ಪ. ಕಂಪನಿ ಕೊಟ್ಟಿದ್ದು, ಕಂಪನಿ ಯಾವಾಗ ಬೇಕಾದ್ರೂ ಕಿತ್ಕೊಳ್ಳುತ್ತೆ. ಷರತ್ತಿನಲ್ಲೇ ಕಡ್ಡಿ ಮುರಿದ ಹಾಗೆ ಬರೆದಿರುತ್ತೆ, ಯಾರೂ ಓದಲ್ಲ ಅಷ್ಟೆ.”

ವಿದೇಶಾಂಗ ಅಷ್ಟಕ್ಕೆ ಬಿಡುವವನಲ್ಲ. ಆಟ ಪೂರ್ತಿ ನಿಷೇಧಿಸಬೇಕೆಂದು ಸರ್ಕಾರಕ್ಕೊಂದು, ಕಂಪನಿಗೊಂದು ಪತ್ರ ಹೋಗಲೇಬೇಕು ಎಂದು ಹಟ ಹಿಡಿದ. ಅಕ್ಷರ ದುಂಡಗಿದೆ, ಮೊದಲು ಬಾಯಿಬಿಟ್ಟವನೂ ಅವನೇ ಎಂದು ಬರೆಯುವ ಕೆಲಸ ಸೀಲಪ್ಪನ ಕೊರಳಿಗೆ ಬಿತ್ತು.

ಪತ್ರ ಹೋಗಿ ಸಂಜೆಯೊಳಗೆ ಆಟ ಮುಚ್ಚಿಹೋದರೆ? ಮೂರು ವರ್ಷ ಕಾದ ಹಣ್ಣು, ಅದೂ ಅವನದೇ ದುಂಡನೆಯ ಅಕ್ಷರದಲ್ಲಿ ಹಾಳಾಗಬೇಕೇ? ಬೇಡವೆಂದರೆ ಜೇಬಿನ ಕೋಳಿಯ ಲೆಕ್ಕ ಮತ್ತೆ ತೆರೆಯುತ್ತದೆ. ಅವನು ಪೆನ್ನಿನ ತುದಿ ಕಚ್ಚುತ್ತಾ ಐದು ನಿಮಿಷ ಯೋಚಿಸಿದ. ಬದುಕಿನಲ್ಲಿ ಅಷ್ಟು ಆಳವಾಗಿ ಅವನು ಮದುವೆಗೆ ಮುಂಚೆಯೂ ಯೋಚಿಸಿರಲಿಲ್ಲ. ಆಮೇಲೆ ಅವನ ತಲೆಯಲ್ಲಿ ದೀಪ ಹತ್ತಿತು.

“ಬ್ಯಾನ್ ಅಂದ್ರೆ ನಾವು ಹೆದರಿದ ಹಾಗೆ,” ಎಂದ. “ಆಟ ಇರಲಿ, ದಿಬ್ಬ ಇರಬಾರದು. ಜಗಳ ಮುಗಿಯೋ ತನಕ ಭೂಪಟದಿಂದ ಆ ದಿಬ್ಬನೇ ತೆಗೀರಿ ಅನ್ನೋಣ. ಅವರದೂ ಅಲ್ಲ, ನಮ್ಮದೂ ಅಲ್ಲ. ಆಗ ಅವರ ಬಣ್ಣ ಎಲ್ಲಿ ಬಳೀತಾರೆ?”

ವಿದೇಶಾಂಗನ ಕಣ್ಣಿನಲ್ಲಿ ಮೊದಲ ಬಾರಿಗೆ ಸೀಲಪ್ಪನ ಬಗ್ಗೆ ಗೌರವ ಕಂಡಿತು. ಮೂವತ್ತು ವರ್ಷದಲ್ಲಿ ಯಾವ ರಾಯಭಾರಿಗೂ ಹೊಳೆಯದ ಉಪಾಯ ಇದು ಎಂದ. ಇಷ್ಟೆಲ್ಲ ಆದರೂ ಅಂಚೆಚೀಟಿಯಷ್ಟಿದ್ದ ಆ ಭೂಪಟವನ್ನು ಭೂತಗನ್ನಡಿ ಹಿಡಿದು ನೋಡೋಣವೆಂದು ಒಬ್ಬರಿಗೂ ಅನಿಸಲಿಲ್ಲ. ನೆನಪಿರಲಿ, ಅದು ನಕ್ಷೆ ಕಚೇರಿ. ಪ್ರತಿ ಮೇಜಿನ ಮೇಲೂ ಒಂದೊಂದು ಭೂತಗನ್ನಡಿ ಇತ್ತು.

ಸೀಲಪ್ಪ ಪತ್ರ ಬರೆದ. ಬೇಡಿಕೊಳ್ಳುವ ಭಾಷೆ ಅವನಿಗೆ ಬರುತ್ತಿರಲಿಲ್ಲ, ಅರ್ಜಿಗಳನ್ನು ಸದಾ ಬೇರೆಯವರೇ ಬರೆದು ತರುತ್ತಿದ್ದರು. ಬರುತ್ತಿದ್ದದ್ದು ಕಚೇರಿಯ ಭಾಷೆಯೊಂದೇ. ಹಾಗಾಗಿ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗಿ, ‘ಸದರಿ ದಿಬ್ಬವನ್ನು ಕೂಡಲೇ ತೆಗೆದುಹಾಕತಕ್ಕದ್ದು’ ಎಂದು ಮುಗಿಯಿತು. ಮೊದಲ ಸಹಿ ಅವನದು. ಆಮೇಲೆ ವಿದೇಶಾಂಗ, ಟಪಾಲು ಗುಮಾಸ್ತ. ಮೇಡಂ ಸಹಿ ಹಾಕಲಿಲ್ಲ.

ಸರ್ಕಾರಕ್ಕೆ ಬರೆಯುವ ಪತ್ರವನ್ನು ನಾಳೆ ನೋಡೋಣವೆಂದು ಸೀಲಪ್ಪ ತಳ್ಳಿಹಾಕಿದ. ಕಂಪನಿಯ ಪತ್ರವನ್ನು ತನ್ನ ಮೇಜಿಗೆ ತಂದು ಒಂದು ಮೂಲೆಯಲ್ಲಿಟ್ಟ. ಅಲ್ಲೇ ಮರೆತ ಹಾಗೆ ಮಾಡಿ ಸಂಜೆ ಚೂರು ಮಾಡಿ ಬಿಸಾಡುವುದು ಅವನ ಲೆಕ್ಕ. ಅಷ್ಟರಲ್ಲಿ ನಕ್ಷೆ ಕೇಳುವವರ ಸಾಲು ಕಿಟಕಿಯಿಂದ ಮೆಟ್ಟಿಲ ತನಕ ಬೆಳೆದಿತ್ತು. ಸೀಲಪ್ಪ ಕೆಲಸಕ್ಕೆ ಕೂತ. ತಲೆ ನಿಂಬೆಗಿಡದ ಬುಡದಲ್ಲಿತ್ತು, ಕೈ ತನ್ನ ಪಾಡಿಗೆ ಏಳುತ್ತಾ ಇಳಿಯುತ್ತಾ ಇತ್ತು. ಒಂದು ಗಂಟೆಯ ಹೊತ್ತಿಗೆ ಸಾಲು ಕರಗಿ, ಊಟದ ಡಬ್ಬಿ ತೆಗೆಯುವಾಗ ನೋಡುತ್ತಾನೆ, ಮೇಜಿನ ಮೂಲೆ ಖಾಲಿ.

ಅವನು ಡಬ್ಬಿ ಹಿಡಿದುಕೊಂಡೇ ಟಪಾಲು ಗುಮಾಸ್ತನ ಕೋಣೆಗೆ ಓಡಿದ.

“ಆ ಪತ್ರ ನೋಡಿದ್ಯಾ?”

“ಕಳ್ಸಾಯ್ತಲ್ಲ,” ಎಂದ ಟಪಾಲು ಗುಮಾಸ್ತ ಹೆಮ್ಮೆಯಿಂದ. “ನಿಮ್ಮ ಸೀಲಾದ ಕಾಗದದ ಕಟ್ಟಲ್ಲೇ ಬಂತು. ನಾವು ಖಾಸಗಿಯಾಗಿ ಬರೆದಿದ್ದು ಅಂದ್ಕೊಂಡಿದ್ದೆ. ನೀವು ದುಂಡು ಸೀಲೇ ಹೊಡೆದ್ಬಿಟ್ಟಿದ್ರಿ. ಧೈರ್ಯ ಮೆಚ್ಚಿದೆ.”

ಆ ಕಚೇರಿಯಿಂದ ಪಕ್ಕದ ಕಟ್ಟಡಕ್ಕೆ ಒಂದು ನಕಲು ಹೋಗಲು ತೊಂಬತ್ತು ದಿನ ಹಿಡಿಯುತ್ತಿತ್ತು. ಆದರೆ ಅಂದು ಬೆಳಿಗ್ಗೆಯೇ ಕಾಗದ ಸ್ಕ್ಯಾನ್ ಮಾಡಿ ಕಳಿಸುವ, ಬಂದದ್ದನ್ನು ಅಚ್ಚು ಮಾಡುವ ಹೊಸ ಯಂತ್ರ ಬಂದಿತ್ತು. ಅದರ ಮೇಲೆ ಮೊದಲು ಇಟ್ಟ ಕಾಗದವೇ ಇದು. ಕಂಪನಿಯ ವಿಳಾಸ ವಿದೇಶಾಂಗ ಪತ್ರಿಕೆಯಿಂದ ಕತ್ತರಿಸಿ ತಂದುಕೊಟ್ಟಿದ್ದ. ಒಂಬತ್ತು ನಿಮಿಷದಲ್ಲಿ ಪತ್ರ ಗಡಿ ದಾಟಿತ್ತು, ‘ಸರ್ಕಾರದ ಪರವಾಗಿ’ ಎಂಬ ದುಂಡು ಸೀಲು ಹೊತ್ತು, ರವಾನೆ ಸಂಖ್ಯೆಯ ಸಮೇತ.

ಸೀಲಪ್ಪನಿಗೆ ಊಟ ಸೇರಲಿಲ್ಲ.

ಎರಡೂಕಾಲಿಗೆ ಸಾಹೇಬರ ಕೋಣೆಯಿಂದ ಕರೆ ಬಂತು. ಸಾಹೇಬರ ಮುಂದೆ ಟಿ.ವಿ. ಓಡುತ್ತಿತ್ತು. ನಮ್ಮ ಸರ್ಕಾರದ ಕಟ್ಟುನಿಟ್ಟಿನ ಆದೇಶಕ್ಕೆ ಮಣಿದು ಗೇಣು ನೆಲ ಕಂಪನಿ ಕೊಕ್ಕರೆದಿಬ್ಬವನ್ನು ಸಂಜೆಯೊಳಗೆ ಭೂಪಟದಿಂದ ತೆಗೆಯಲಿದೆ, ಆಟ ಎಂದಿನಂತೆ ಮುಂದುವರಿಯಲಿದೆ ಎಂದು ಪರದೆಯ ಕೆಳಗೆ ಅಕ್ಷರ ಹರಿದಾಡುತ್ತಿತ್ತು. ಪರದೆಯ ನಡುವೆ ಆ ಆದೇಶದ ಚಿತ್ರ. ಸೀಲಪ್ಪನ ಸಹಿ ಅಷ್ಟು ದೊಡ್ಡದಾಗಿ ಅವನೇ ನೋಡಿರಲಿಲ್ಲ.

ಆಟ ಎಂದಿನಂತೆ ಮುಂದುವರಿಯಲಿದೆ ಎಂಬ ಮೂರು ಪದ ಓದಿ, ಅಷ್ಟು ಭಯದ ನಡುವೆಯೂ, ಅವನ ಎದೆ ಹಗುರಾಯಿತು.

“ನೀವು ಯಾವ ದೇಶದ ಪ್ರಧಾನಿ ರೀ?” ಎಂದರು ಸಾಹೇಬರು. ಅವರಿಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ಆ ಎರಡು ವರ್ಷ ಯಾವ ಸುದ್ದಿಯೂ ಆಗದೆ ದಾಟಿಹೋಗಲಿ ಎಂಬುದಷ್ಟೇ ಆಸೆ. “ನಾನು ಇಲ್ಲಿ ಒಂದು ಗೆರೆ ಆಚೀಚೆ ಮಾಡ್ಬೇಕಾದ್ರೆ ಏಳು ಜನರ ಸಹಿ ಬೇಕು. ನೀವು ಚಹಾ ಕುಡೀತಾ ದ್ವೀಪ ತೆಗೆಸಿಬಿಟ್ರಾ?”

ಸೀಲಪ್ಪ ಬಾಯಿ ತೆರೆದ. ನಿಜ ಹೇಳಬೇಕೆಂದರೆ ಕೋಳಿಯಿಂದ ಶುರು ಮಾಡಬೇಕಿತ್ತು. ಬಾಯಿ ಮುಚ್ಚಿದ.

ಸಾಹೇಬರು ಆಗಲೇ ಅವನ ಅಮಾನತಿನ ಆದೇಶವನ್ನು ಬೆರಳಚ್ಚು ಮಾಡಿಸಿ ಸಹಿ ಹಾಕಿದ್ದರು. ಉಳಿದದ್ದು ಒಂದೇ ಕೆಲಸ. ಆದೇಶ ಊರ್ಜಿತವಾಗಲು ದುಂಡು ಸೀಲು ಬೇಕು, ದುಂಡು ಸೀಲು ಹೊಡೆಯುವ ಅಧಿಕಾರ ಕಚೇರಿಯಲ್ಲಿ ಒಬ್ಬನಿಗೇ. ಅವರು ಸ್ವಲ್ಪ ಮುಜುಗರದಿಂದ ಕಾಗದವನ್ನು ಅವನ ಕಡೆಗೆ ಸರಿಸಿದರು. ಸೀಲಪ್ಪನ ಬಲಗೈ, ನಾಚಿಕೆಗೆಟ್ಟದ್ದು, ಮೇಲೇಳುತ್ತಿದ್ದಾಗಲೇ ಮೇಜಿನ ಫೋನು ರಿಂಗಣಿಸಿತು.

ಮೇಲಿನವರ ಫೋನು. ಸಾಹೇಬರು ನಿಂತುಕೊಂಡೇ ಮಾತಾಡಿದರು. ಮೊದಲು ‘ತಪ್ಪಾಗಿದೆ ಸರ್’ ಎಂದರು. ಆಮೇಲೆ ಆ ಕಡೆಯ ಮಾತಿಗೆಲ್ಲ ತಲೆಯಾಡಿಸಿದರು. ಕೊನೆಗೆ ‘ಹೌದು ಸರ್, ನಾವೇ ಸರ್, ಬಹಳ ಯೋಚನೆ ಮಾಡಿಯೇ ಸರ್’ ಎಂದು ಫೋನಿಟ್ಟು, ಆ ಅಮಾನತಿನ ಆದೇಶವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

ಆದದ್ದೇನೆಂದರೆ, ಆದೇಶ ಯಾರು ಕೊಟ್ಟದ್ದೆಂದು ಸರ್ಕಾರದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ. ಪತ್ರಕರ್ತರು ಕೇಳಿದಾಗ ಮಂತ್ರಿಗಳು ಇದು ತಮ್ಮ ದಿಟ್ಟ ನಿರ್ಧಾರವೆಂದು ಹೇಳಿ ಆಗಿತ್ತು. ನೆರೆದೇಶದ ಮಂತ್ರಿಯೂ, ದಿಬ್ಬ ಎದುರಾಳಿಯದಲ್ಲ ಎಂದು ಎದುರಾಳಿಯೇ ಬರೆದುಕೊಟ್ಟಿದ್ದಾರೆ, ಇದು ತಮ್ಮ ಗೆಲುವು ಎಂದು ಹೇಳಿದ್ದರು. ಒಂದು ಸೀಲಿಗೆ ಎರಡು ದೇಶ ಗೆದ್ದಿದ್ದವು. ಕಚೇರಿಗೆ ಬಿಸ್ಕತ್ತಿನ ಜೊತೆ ಚಹಾ ಬಂತು. ವಿದೇಶಾಂಗ ಎಲ್ಲರೆದುರು ಸೀಲಪ್ಪನ ಬೆನ್ನು ತಟ್ಟಿ, ಆ ಪತ್ರದಲ್ಲಿ ಎರಡನೇ ಸಹಿ ತನ್ನದೆಂದು ಎಲ್ಲರಿಗೂ ನೆನಪಿಸಿದ.

ಸಾಹೇಬರು ಸೀಲಪ್ಪನಿಗೆ ಇನ್ನೂ ಒಂದು ಗೌರವ ಕೊಟ್ಟರು. ದಿಬ್ಬದ ಮೇಲೆ ಸಾವಿರದ ಚಿಲ್ಲರೆ ಆಟಗಾರರ ಜಾಗಗಳಿದ್ದವಂತೆ. ಅವರ ತಕರಾರುಗಳನ್ನು ಆದೇಶ ಹೊರಡಿಸಿದವರೇ ವಿಚಾರಿಸಬೇಕೆಂದು ಕಂಪನಿ ಕೈ ತೊಳೆದುಕೊಂಡಿತ್ತು. ಆದ್ದರಿಂದ ಇಂದಿನಿಂದ ಸೀಲಪ್ಪ ತಕರಾರು ಅಧಿಕಾರಿ. ಸಂಬಳ ಹಳೆಯದೇ.

“ವಿಚಾರಣೆ ಅಂತ ತಲೆ ಕೆಡಿಸ್ಕೋಬೇಡಿ,” ಎಂದರು ಸಾಹೇಬರು, ಪೆಟ್ಟಿಗೆಯಿಂದ ಹೊಚ್ಚ ಹೊಸ ಸೀಲೊಂದನ್ನು ತೆಗೆದುಕೊಡುತ್ತಾ. “ಮಂತ್ರಿಗಳ ನಿರ್ಧಾರ ಹಿಂದೆ ತಗೊಳ್ಳೋಕೆ ಆಗಲ್ಲ. ಬಂದಿದ್ದಕ್ಕೆಲ್ಲ ಇದನ್ನ ಹೊಡೀರಿ. ಇವತ್ತು ಬಂದಿದ್ದು ಇವತ್ತೇ ಮುಗೀಬೇಕು.”

ಸೀಲಿನಲ್ಲಿ ಒಂದೇ ಪದವಿತ್ತು: ತಿರಸ್ಕರಿಸಲಾಗಿದೆ.

ಐದೂಮುಕ್ಕಾಲಿಗೆ, ಹೊಸ ಯಂತ್ರ ಗರಗರನೆ ತಕರಾರುಗಳನ್ನು ಉಗುಳುತ್ತಿರುವಾಗ, ಸೀಲಪ್ಪ ಮೆಲ್ಲಗೆ ಎದ್ದು ರೆಕಾರ್ಡ್ ರೂಮಿಗೆ ನುಗ್ಗಿದ. ಹಳೆಯ ಕಡತಗಳ ಕಪಾಟಿನ ಹಿಂದೆ, ಧೂಳಿನಲ್ಲಿ, ಮೊಣಕಾಲೂರಿ ಕೂತು ಫೋನು ತೆಗೆದ. ಕೆಲಸ ಉಳಿಯಿತು, ಮಾನ ಉಳಿಯಿತು, ಆಟವೂ ಉಳಿಯಿತು. ಆರು ಹೊಡೆಯುವುದನ್ನೇ ಕಾದು ಅವನು ಬೆರಳು ಒತ್ತಿದ.

ಪರದೆಯ ತುಂಬ ನೀರು.

ಫೋನು ಕೆಟ್ಟಿದೆಯೆಂದು ಮುಚ್ಚಿ ತೆರೆದ. ಮತ್ತೆ ನೀರು. ಬಿಳಿ ಹಕ್ಕಿಯೊಂದು ಉದ್ದ ಕಾಲು ಇಳಿಬಿಟ್ಟುಕೊಂಡು, ಕೂರಲು ಜಾಗ ಕಾಣದೆ, ಅಲ್ಲೇ ಗಿರಕಿ ಹೊಡೆಯುತ್ತಿತ್ತು. ಸೀಲಪ್ಪ ಇಪ್ಪತ್ತಾರು ವರ್ಷದ ಅನುಭವಸ್ಥ, ಆದರೂ ಆ ಹಕ್ಕಿಯ ಹೆಸರು ಕೊಕ್ಕರೆ ಎಂದು ಅವನಿಗೆ ಹೊಳೆದದ್ದು ಆಗಲೇ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ನಿಮ್ಮ ಜಾಗ ಕೊಕ್ಕರೆದಿಬ್ಬದಲ್ಲಿ ಇದ್ದುದರಿಂದ ಸರ್ಕಾರದ ಆದೇಶದಂತೆ ತೆಗೆಯಲಾಗಿದೆ. ತಕರಾರಿದ್ದರೆ ಆದೇಶಕ್ಕೆ ಸಹಿ ಮಾಡಿದವರನ್ನು ಕೇಳಿಕೊಳ್ಳಿ.’ ಅದರ ಕೆಳಗೆ ಅವನ ತಂದೆತಾಯಿ ಇಟ್ಟ ಹೆಸರು.

ಅವನು ಅತ್ತ. ಐವತ್ತರ ಗಂಡಸು, ಇಲ್ಲದ ಊರಿನ ಇಲ್ಲದ ಗಿಡದ ಇಲ್ಲದ ಹಣ್ಣಿಗಾಗಿ, ಮೂಗು ಒರೆಸಿಕೊಳ್ಳುತ್ತಾ ಅತ್ತ.

ಕಪಾಟಿನ ಆಚೆಯಿಂದ ಮೇಡಂ ಒಂದು ಲೋಟ ನೀರು ಚಾಚಿದರು. ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ.

“ಆ ಕೋಳಿ ಮಗಳದಲ್ಲ ಅಂತ ನಂಗೆ ಬೆಳಿಗ್ಗೇನೇ ಗೊತ್ತಾಯ್ತು,” ಎಂದರು. “ಮಗಳ ಫೋನಾಗಿದ್ರೆ ನಿಮಗೆ ಅಷ್ಟು ಬೇಗ ಬಾಯಿ ಮುಚ್ಚಿಸೋಕೆ ಬರ್ತಿರಲಿಲ್ಲ.”

“ಏನ್ಮಾಡ್ಲಿ ಮೇಡಂ?”

“ಜಾಗ ಕಳ್ಕೊಂಡೋರು ಏನ್ಮಾಡ್ತಾರೋ ಅದೇ. ಅರ್ಜಿ ಬರೀರಿ. ಈ ಕೋಣೆ ತುಂಬ ಇರೋದು ಅದೇ ಅಲ್ವಾ.”

ಅರ್ಜಿಗೆ ಸ್ವಂತ ಹೆಸರು ಬೇಕು, ಗುರುತಿನ ಚೀಟಿ ಬೇಕು. ಹೆಸರು ಬರೆದರೆ ಸಾಹೇಬರಿಗೆ ಗೊತ್ತಾಗುತ್ತದೆ, ವಿದೇಶಾಂಗನಿಗೆ ಗೊತ್ತಾಗುತ್ತದೆ, ನಾಳೆ ಪತ್ರಿಕೆಯಲ್ಲಿ ಬಂದರೆ ಮಗಳೂ ಓದುತ್ತಾಳೆ. ಸೀಲಪ್ಪ ನೀರು ಕುಡಿದು ಲೋಟ ಕೆಳಗಿಟ್ಟ. ಗೊತ್ತಾಗಲಿ ಎಂದುಕೊಂಡ. ಮಗಳು ನಕ್ಕರೆ ನಗಲಿ, ನಗುವ ಹಕ್ಕು ಅವಳಿಗಿದೆ. ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಜನ ಕಿಟಕಿಯ ಆಚೆ ನಿಂತು ನನ್ನ ನೆಲ ನನ್ನ ನೆಲ ಎಂದಿದ್ದರು. ಒಂದು ಸಲ ತಾನೂ ಅನ್ನಬೇಕೆಂದು ಅವನಿಗೆ ಅನಿಸಿತು.

ಕಪಾಟಿನ ಹಿಂದೆಯೇ ಕೂತು ಬರೆದ. ಈ ಸಲ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಬರಲಿಲ್ಲ. ನಾನು ತಪ್ಪು ಮಾಡಿದೆ, ನೋಡದೆ ಬರೆದೆ, ನೋಡದೆ ಸೀಲು ಹೊಡೆದೆ, ಅಲ್ಲಿ ನನ್ನದೊಂದು ನಿಂಬೆಗಿಡವಿತ್ತು, ಅದಕ್ಕೆ ಮೂರು ವರ್ಷ ನೀರು ಹಾಕಿದ್ದೇನೆ, ದಯವಿಟ್ಟು ದ್ವೀಪವನ್ನು ವಾಪಸು ಇಡಿಸಿ ಎಂದು ಬರೆದ. ಬೇಡಿಕೊಳ್ಳುವ ಭಾಷೆ ಅವನಿಗೆ ಆ ಸಂಜೆ ಬಂತು. ಕೆಳಗೆ ನಿಜವಾದ ಹೆಸರಿನ ಸಹಿ ಹಾಕಿದ. ಮೇಡಂ ಓದಿ, ಸಾಕ್ಷಿಯ ಜಾಗದಲ್ಲಿ ತಮ್ಮ ಸಹಿಯನ್ನೂ ಹಾಕಿಕೊಟ್ಟರು.

ಇದನ್ನು ನೇರವಾಗಿ ಸಾಹೇಬರ ಕೈಗೇ ಕೊಡಬೇಕೆಂದು ಸೀಲಪ್ಪ ಹೊರಟ. ಸಾಹೇಬರು ಅವನ ಮೇಜಿನ ಬಳಿಯೇ ನಿಂತಿದ್ದರು. ಮೇಜಿನ ಮೇಲೆ ತಕರಾರುಗಳು ಗುಡ್ಡೆ ಬಿದ್ದಿದ್ದವು.

“ಎಲ್ಲಿಗೆ ಹೋಗಿದ್ರಿ? ಮೇಲಿನವರು ಮತ್ತೆ ಫೋನ್ ಮಾಡಿದ್ರು. ಕೂತ್ಕೊಳ್ಳಿ, ಮೊದಲು ಇದನ್ನ ಮುಗಿಸಿ.”

ಸೀಲಪ್ಪ ಕೂತ. ಅರ್ಜಿಯನ್ನು ಮುಂದಿಟ್ಟುಕೊಂಡು, ಸರ್, ಒಂದು ವಿಷಯ ಹೇಳಬೇಕಿತ್ತು ಎಂದ. ಹೇಳಿ ಎಂದರು ಸಾಹೇಬರು, ಗಡಿಯಾರ ನೋಡುತ್ತಾ. ಇದು ನನ್ನ ಸ್ವಂತ ವಿಷಯ ಎಂದ. ಧೈರ್ಯವನ್ನೆಲ್ಲ ಒಟ್ಟುಮಾಡಿ ಸಾಹೇಬರ ಮುಖವನ್ನೇ ನೋಡುತ್ತಾ, ಕೋಳಿಯಿಂದ ಶುರು ಮಾಡುವುದೋ ಗಿಡದಿಂದ ಶುರು ಮಾಡುವುದೋ ಎಂದು ತಲೆ ಹುಡುಕುತ್ತಿರುವಾಗ, ಮೇಜಿನ ಮೇಲೆ ಧಡ್ ಎಂದು ಸದ್ದಾಯಿತು.

ಸೀಲಪ್ಪ ಕಣ್ಣು ಕೆಳಗಿಳಿಸಿದ. ಬಲಗಡೆ ಕೆಳಮೂಲೆಯಲ್ಲಿ, ಅವನ ಸಹಿಯ ಪಕ್ಕದಲ್ಲೇ, ಹೊಸ ಸೀಲಿನ ನೇರಳೆ ಮಸಿ ಇನ್ನೂ ಒದ್ದೆಯಾಗಿತ್ತು. ಅವನ ಬಲಗೈ ಆಗಲೇ ಮುಂದಿನ ಕಾಗದಕ್ಕೆ ಎದ್ದಿತ್ತು.

“ಭೇಷ್,” ಎಂದರು ಸಾಹೇಬರು. “ಹೀಗೇ ಬೇಗ ಬೇಗ ಹೊಡೀರಿ. ಅದೇನೋ ಸ್ವಂತ ವಿಷಯ ಅಂದ್ರಲ್ಲ?”

“ಮುಗೀತು ಸರ್,” ಎಂದ ಸೀಲಪ್ಪ.

ಅಷ್ಟರಲ್ಲಿ ಅವನ ಎಡಜೇಬಿನಲ್ಲಿ ಕೋಳಿ ಕೂಗಿತು. ಸಂಜೆಯ ನೀರು ಹಾಕುವ ಹೊತ್ತಾಗಿತ್ತು. ‘ನಿವೃತ್ತಿ’ಯಲ್ಲಿ ಈಗ ನೀರಿಗೇನೂ ಕೊರತೆಯಿರಲಿಲ್ಲ.